ಪನ್ಸಿತ್‌ಗೆ ಹಾಕಿದ ಸಹಿ

ಕಬುಲಾವಾನ್ ಬರಂಗಾಯ್‌ನಲ್ಲಿ, ನಮ್ಮ ಈ ಪುಟ್ಟ ಹಳ್ಳಿ ಪಂಚಾಯಿತಿಯಲ್ಲಿ, ತಟ್ಟೆ ಕೈಗೆ ಬರುವ ಮೊದಲು ಹಾಳೆ ಬರುತ್ತದೆ. ಸಭೆ ಯಾವುದೇ ಇರಲಿ, ಡೆಂಗಿ ಜ್ವರದ್ದೋ, ಚರಂಡಿಯದ್ದೋ, ನಾಯಿಗಳ ಚುಚ್ಚುಮದ್ದಿನದ್ದೋ, ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಗೆರೆ ಹಾಕಿದ ಹಾಳೆ: ಕ್ರಮಸಂಖ್ಯೆ, ಹೆಸರು, ಸಹಿ. ತಲೆಭಾಗದಲ್ಲಿ ನಾಲ್ಕು ಬೆರಳು ಖಾಲಿ ಜಾಗ. ಸಹಿ ಹಾಕಿದವರಿಗೆ ಪನ್ಸಿತ್, ಹಾಕದವರಿಗೆ ಅದರ ಪರಿಮಳ. ಆ ಖಾಲಿ ಜಾಗದಲ್ಲಿ ಆಮೇಲೆ ಏನು ಬರೆಯುತ್ತಾರೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ. ಬಿಸಿ ಶಾವಿಗೆ, ಮೇಲೆ ಹಂದಿಮಾಂಸದ ನಾಲ್ಕು ಚೂರು, ಹಿಂಡಿಕೊಳ್ಳಲು ಪುಟ್ಟ ನಿಂಬೆ ಎದುರಿಗಿರುವಾಗ ಕಾನೂನು ಮಾತಾಡುವಷ್ಟು ಹುಚ್ಚರು ನಮ್ಮಲ್ಲಿ ಯಾರೂ ಇಲ್ಲ.

ಈ ಹಾಳೆಯ ಒಡತಿ ಫೆಲಿಸಾ ಮಗ್ಬನ್ವಾ, ಬರಂಗಾಯ್ ಕಚೇರಿಯ ಕಾರ್ಯದರ್ಶಿ. ವಯಸ್ಸು ನಲವತ್ತೇಳು. ಎತ್ತರ ನಾಲ್ಕು ಅಡಿ ಒಂಬತ್ತು ಇಂಚು, ಗಂಟಲು ಮಾತ್ರ ಏಳು ಅಡಿ. ಊರವರ ಬಾಯಲ್ಲಿ ಅವಳು ಮನಾಂಗ್ ಫೆಲಿಸಾ, ಎಲ್ಲರಿಗೂ ಅಕ್ಕ. ಊರಿಗೆ ಮುಖ್ಯಸ್ಥರಾಗಿ ಮೂವರು ಕಪಿತಾನರು ಬಂದರು, ಇಬ್ಬರು ಹೋದರು. ಅವಳು ಮಾತ್ರ ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ. ಹಾಳೆಯ ಖಾಲಿ ಜಾಗದಲ್ಲಿ ಅವಳು ಟೈಪ್ ಮಾಡುವ ವಾಕ್ಯ ಯಾವಾಗಲೂ ಒಂದೇ: "ಸದರಿ ವಿಷಯವನ್ನು ಸವಿಸ್ತಾರವಾಗಿ ಚರ್ಚಿಸಲಾಗಿ, ಕೆಳಗೆ ಸಹಿ ಮಾಡಿದವರೆಲ್ಲರೂ ಮನಃಪೂರ್ವಕವಾಗಿ ಒಪ್ಪಿರುತ್ತಾರೆ." ಮೇಲಿನ ಕಚೇರಿಗೆ ಬೇಕಾದದ್ದು ಈ ವಾಕ್ಯ, ಸಹಿಗಳು, ಜೊತೆಗೆ ಒಂದು ಫೋಟೊ. ಇದರಲ್ಲಿ ಮೋಸ ಇದೆ ಅಂತ ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಊರವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಕೂತರೆ ಚರಂಡಿ ಯಾವ ಕಾಲಕ್ಕೆ ಆಗಬೇಕು? ಸಹಿ ಹಾಕಲು ಬಂದವರು ಹಿಂದೆಮುಂದೆ ನೋಡಬಾರದು ಅಂತ ಮೊದಲ ಸಾಲಿನಲ್ಲಿ ತಾನೇ ಸಹಿ ಮಾಡಿಬಿಡುವುದು ಅವಳ ಪದ್ಧತಿ.

ಕಚೇರಿ ಬಿಟ್ಟರೆ ಅವಳ ಜೀವ ಇದ್ದದ್ದು ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಮೇಜಿನ ಮೇಲೆ. ಮಾರುಕಟ್ಟೆ ಪಕ್ಕದ ತಗಡಿನ ಮಾಡಿನ ಹಾಲ್‌ನಲ್ಲಿ ಎರಡು ಮೇಜು, ಗೋಡೆಗೆ ಒರಗಿಸಿದ ಹಳೆಯ ಕೋಲುಗಳು. ಆ ಕೋಲುಗಳು ಅವಳಿಗೆ ಆಗುವುದಿಲ್ಲ. ಐವತ್ತೆಂಟು ಇಂಚು ಉದ್ದದ ಕೋಲು ಹಿಡಿದರೆ ಹಿಂದಿನ ತುದಿ ಗೋಡೆಗೋ, ನಡುವಿನ ಕಂಬಕ್ಕೋ, ಕೂತು ನೋಡುತ್ತಿರುವವರ ಮೂಗಿಗೋ ತಾಗುತ್ತದೆ. ಅದಕ್ಕೇ ದೋಣಿ ಮಾಡುವ ಬಡಗಿಗೆ ಹೇಳಿ ಐವತ್ತೆರಡು ಇಂಚಿನ ಕೋಲು ಮಾಡಿಸಿಕೊಂಡಿದ್ದಳು. ಆ ಕೋಲು ಕೈಯಲ್ಲಿದ್ದರೆ ಅವಳ ಎದುರು ನಿಂತವರಿಗೆ ಉಸಿರಾಡಲೂ ಬಿಡುತ್ತಿರಲಿಲ್ಲ.

ಈ ವರ್ಷ ಹಠ ಇನ್ನೂ ಜಾಸ್ತಿ. ಮೇ ತಿಂಗಳ ಊರಹಬ್ಬದ ಪಂದ್ಯದಲ್ಲಿ ಗೆದ್ದವರೊಬ್ಬರು ಇಲೋಯ್ಲೊ ನಗರಕ್ಕೆ ಹೋಗಿ ಇಡೀ ಪ್ರಾಂತ್ಯದವರ ಜೊತೆ ಆಡಬೇಕು. ಫೆಲಿಸಾ ಮೂರು ಸಲ ಕೊನೆಯ ಆಟದವರೆಗೆ ಬಂದು ಮೂರೂ ಸಲ ಬರಿಗೈಲಿ ಮನೆಗೆ ಹೋಗಿದ್ದಳು. ಈಗ ಬಲಭುಜ ಬೇರೆ ಸೆಟೆದುಕೊಳ್ಳತೊಡಗಿತ್ತು. ಎಣ್ಣೆ ಹಚ್ಚಿ ನೀವುವ ಮುದುಕ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ: "ಇಂದಾಯ್, ಮಗಳೇ, ಇನ್ನೊಂದ್ ವರ್ಷ. ಆಮೇಲೆ ಈ ಕೈಲಿ ಸೌಟು ಹಿಡಿದ್ರೆ ಅದೇ ದೊಡ್ಡದು." ಈ ಸಲ ಇಲ್ಲವೆಂದರೆ ಇನ್ನಿಲ್ಲ. ಊರಿಗೆಲ್ಲ ಇದು ಗೊತ್ತಿತ್ತು. ಯಾಕೆಂದರೆ ಅವಳೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಪಂದ್ಯ ಶನಿವಾರ. ಶುಕ್ರವಾರ ಮಧ್ಯಾಹ್ನ ಅವಳ ಗಂಡ ಡೆಲ್ಫಿನ್ ಬೈಕಿಗೆ ಪಕ್ಕದಲ್ಲಿ ಸೀಟು ಜೋಡಿಸಿದ ತನ್ನ ಟ್ರೈಸಿಕಲನ್ನು ಕಚೇರಿಯ ಮುಂದೆ ಗಕ್ಕನೆ ನಿಲ್ಲಿಸಿ ಒಳಗೆ ಓಡಿ ಬಂದ. ಬಾಡಿಗೆಗೆ ಟ್ರೈಸಿಕಲ್ ಓಡಿಸುವ ಡೆಲ್ಫಿನ್ ಉದ್ದನೆಯ, ಮೆತ್ತನೆಯ ಮನುಷ್ಯ. ಅವನೂ ಪೂಲ್ ಆಡುತ್ತಾನೆ, ಪ್ರತಿ ಹಬ್ಬಕ್ಕೂ ಹೆಸರು ಕೊಡುತ್ತಾನೆ, ಪ್ರತಿ ಹಬ್ಬದಲ್ಲೂ ಮೊದಲ ಸುತ್ತಿನಲ್ಲೇ ಸೋತು ಹೆಂಡತಿಯ ಕೋಲಿನ ಚೀಲ ಹೊತ್ತುಕೊಂಡು ಪಕ್ಕದಲ್ಲಿ ನಿಲ್ಲುತ್ತಾನೆ.

"ಫೆಲಿಸ್, ಬಾ ಬೇಗ. ಹಾಲ್ ಗೋಡೆ ಮೇಲೆ ಏನೋ ಅಂಟ್ಸಿದ್ದಾರೆ. ಅದ್ರಲ್ಲಿ ನಿನ್ ಹೆಸರೂ ಇದೆ!"

ಗೋಡೆಯ ಮೇಲಿನ ನೋಟಿಸಿನಲ್ಲಿ ಹೀಗಿತ್ತು: ನ್ಯಾಯದ ದೃಷ್ಟಿಯಿಂದ ಎಲ್ಲ ಆಟಗಾರರೂ ಬರಂಗಾಯ್ ಒದಗಿಸಿದ ಒಂದೇ ಅಳತೆಯ ಕೋಲುಗಳಲ್ಲೇ ಆಡತಕ್ಕದ್ದು, ಸ್ವಂತ ಕೋಲು ನಿಷಿದ್ಧ. ಕೆಳಗೆ ಅವಳ ವಾಕ್ಯ, ಒಂದಕ್ಷರ ಆಚೀಚೆ ಇಲ್ಲದೆ. ಅದರ ಕೆಳಗೆ ಹದಿನಾರು ಆಟಗಾರರ ಸಹಿ. ಕ್ರಮಸಂಖ್ಯೆ ಒಂದರಲ್ಲಿ ಅವಳದ್ದೇ, ಬಾಲ ಬಿಟ್ಟು ಸುತ್ತು ಹಾಕಿದ ಚೆಂದದ ಸಹಿ.

ನೋಟಿಸಿನ ಪಕ್ಕ ಎಂಟು ಹೊಸ ಕೋಲುಗಳು ಮಿರಮಿರ ಮಿಂಚುತ್ತ ನಿಂತಿದ್ದವು. ಪ್ರತಿಯೊಂದರ ಹಿಡಿಯ ಮೇಲೂ ಕಪಿತಾನ್ ವೆನಾನ್ಸಿಯೊ ಅವರ ನಗುಮುಖ, ಸುತ್ತ "ನಿಮ್ಮ ಕಪಿತಾನರ ಪ್ರೀತಿಯ ಕೊಡುಗೆ" ಅನ್ನುವ ಅಕ್ಷರ. ಬಸ್ ನಿಲ್ದಾಣದ ಮಾಡು, ಬಾಸ್ಕೆಟ್‌ಬಾಲ್ ಹುಡುಗರ ಬೆನ್ನು, ಕಸದ ಗಾಡಿ, ಬೀಸಣಿಗೆ, ಎಲ್ಲದರ ಮೇಲೂ ಆಗಲೇ ಕೂತಿದ್ದ ಆ ಮುಖಕ್ಕೆ ಉಳಿದಿದ್ದ ಜಾಗ ಇದೊಂದೇ. ಅಕ್ಟೋಬರ್‌ನಲ್ಲಿ ಚುನಾವಣೆ. ಆಟಗಾರರು ಸ್ವಂತ ಕೋಲು ಹಿಡಿದು ಆಡಿದರೆ ಫೋಟೊದಲ್ಲಿ ಕಪಿತಾನರ ಮುಖ ಎಲ್ಲಿ ಬರುತ್ತದೆ ಹೇಳಿ?

"ಇದು ನಿನ್ ಸಹಿನೇ ಅಲ್ವಾ?" ಅಂದ ಡೆಲ್ಫಿನ್.

"ನನ್ನದೇ."

"ನೀನೇ ಒಪ್ಕೊಂಡ್ ಬಂದಿದ್ದೀಯಲ್ಲೇ ಮಾರಾಯ್ತಿ!"

"ನಾನ್ ಒಪ್ಕೊಂಡಿದ್ದು ಪನ್ಸಿತ್‌ಗೆ ಕಣೋ!" ಅಂತ ಫೆಲಿಸಾ ಕಿರುಚಿದಳು. ಆಡುತ್ತಿದ್ದವರ ಕೋಲು ಅಲ್ಲಲ್ಲೇ ನಿಂತುಹೋಯಿತು.

ಹಿಂದಿನ ಭಾನುವಾರ ಆಟಗಾರರ ಸಭೆ ನಡೆದದ್ದು ನಿಜ. ಪಂದ್ಯ ಎಷ್ಟು ಗಂಟೆಗೆ, ಮೈಕು ಯಾರ ಮನೆಯದ್ದು, ಇಷ್ಟೇ ಮಾತು. ಉಳಿದ ಮುಕ್ಕಾಲು ಗಂಟೆ ಕಪಿತಾನರು ತಮ್ಮ ಬಗ್ಗೆ ತಾವೇ ಮಾತಾಡಿದ್ದರು. ಬಾಗಿಲಲ್ಲಿ ಹಾಳೆ ಇಟ್ಟವಳು ಫೆಲಿಸಾ, ಮೊದಲ ಸಹಿ ಹಾಕಿದವಳು ಫೆಲಿಸಾ, "ಬೇಗ ಬೇಗ ಹಾಕ್ರೋ, ತಣ್ಣಗಾಗತ್ತೆ" ಅಂದವಳೂ ಫೆಲಿಸಾ. ಆಮೇಲೆ ಭುಜ ನೀವಿಸಿಕೊಳ್ಳಲು ಎರಡು ದಿನ ರಜೆ ಹಾಕಿದ್ದಳು. ಆಗ ಕಚೇರಿಯ ಖಜಾಂಚಿ ಅವಳ ಕಂಪ್ಯೂಟರ್ ತೆರೆದು, ಅವಳು ಜೋಪಾನವಾಗಿ ಇಟ್ಟುಕೊಂಡಿದ್ದ ಆ ನಮೂನೆಯಲ್ಲಿ ಕಪಿತಾನರು ಹೇಳಿದ್ದನ್ನು ತುಂಬಿಕೊಟ್ಟಿದ್ದ.

ಕಪಿತಾನ್ ವೆನಾನ್ಸಿಯೊ ಮನೆಯ ಹಿತ್ತಿಲಲ್ಲಿ ತಮ್ಮ ಕಾಳಗದ ಹುಂಜದ ಕಾಲು ತಿಕ್ಕುತ್ತ ಕೂತಿದ್ದರು. ಫೆಲಿಸಾ ಬಂದದ್ದು ಕಂಡು ಹುಂಜವೇ ಮೊದಲು ಹೆದರಿತು.

"ಕಪಿತಾನ್, ನನ್ನ ಒಂದ್ ಮಾತೂ ಕೇಳ್ದೆ ನನ್ ಸಹಿ ಹೇಗ್ ಅಂಟಿಸಿದ್ರಿ?"

"ಅಂಟಿಸಿದ್ದು ನಾವು, ಹಾಕಿದ್ದು ನೀನು. ಕೂತ್ಕೋ ಇಂದಾಯ್, ಎಳನೀರು ಕುಡೀತೀಯಾ?"

"ಅದು ಊಟದ ಹಾಳೆ!"

"ನಮ್ಮೂರಲ್ಲಿ ಬೇರೆ ಹಾಳೆ ಯಾವುದಿದೆ ಹೇಳು?" ಕಪಿತಾನರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀನೇ ಕಲಿಸಿದ್ದಲ್ವೇ ನನಗೆ? ಮೊದಲ್ನೇ ವರ್ಷ ನಾನು 'ಜನ ಒಪ್ತಾರಾ' ಅಂತ ಕೇಳಿದ್ದಕ್ಕೆ 'ಕಪಿತಾನ್, ಗಂಜಿ ಮಾಡ್ಸಿ, ಒಪ್ತಾರೆ' ಅಂದಿದ್ದು ಯಾರು?"

ಅಂದಿದ್ದು ನಿಜ. ಫೆಲಿಸಾ ದಾರಿ ಬದಲಿಸಿದಳು. "ನನ್ ಎತ್ತರ ನೋಡಿ. ಆ ಉದ್ದದ ಕೋಲಲ್ಲಿ ನಾನ್ ಆಡೋದ್ ಹೇಗೆ?"

"ಎಲ್ಲರಿಗೂ ಒಂದೇ ಕೋಲು. ಇದಕ್ಕಿಂತ ನ್ಯಾಯ ಬೇಕಾ? ದೇವರೇ ಬಂದ್ರೂ ಇದಕ್ಕಿಂತ ಒಂದಿಂಚು ಜಾಸ್ತಿ ನ್ಯಾಯ ಕೊಡಕ್ಕಾಗಲ್ಲ."

"ಎಲ್ಲರಿಗೂ ಒಂದೇ ಅಳತೆ ಚಪ್ಪಲಿ ಕೊಟ್ಟು ಓಡಿ ಅಂದ್ರೆ ಅದು ನ್ಯಾಯನಾ?"

ಕಪಿತಾನರು ಹುಂಜದ ಕಾಲು ತಿಕ್ಕುವುದನ್ನು ನಿಲ್ಲಿಸಿದರು. "ಚಪ್ಪಲಿ!" ಅಂದರು ಮೆಲ್ಲಗೆ. "ಒಳ್ಳೇ ಮಾತ್ ಹೇಳ್ದೆ ನೋಡು. ಅಕ್ಟೋಬರ್ ಒಳಗೆ ಹಂಚ್ಬೋದು."

ಅವಳು ಮನೆಗೆ ಬಂದು ಅನ್ನ ಮುಟ್ಟಲಿಲ್ಲ. ಡೆಲ್ಫಿನ್ ಅವಳಿಗಿಂತ ಜೋರಾಗಿ ಕೂಗಾಡಿದ: "ಅನ್ಯಾಯ ಇದು! ಹಗಲು ದರೋಡೆ! ನೀನ್ ಬಿಡ್ಬೇಡ ಫೆಲಿಸ್, ನಾಳೆ ಎಲ್ಲರ ಮುಂದೆ ಕೇಳು. ನಾನಿದ್ದೀನಿ." ಅವನ ಮಾತು ಕೇಳಿ ಫೆಲಿಸಾಗೆ ಎದೆ ತುಂಬಿ ಬಂತು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಅಂದುಕೊಂಡಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಾಲ್ ಕಿಕ್ಕಿರಿದಿತ್ತು. ಕಪಿತಾನರು ಮೈಕು ಹಿಡಿದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಫೆಲಿಸಾ ಬಿಯರ್ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತಳು. ಅವಳಿಗೆ ಮೈಕು ಬೇಕಿರಲಿಲ್ಲ.

"ಎಲ್ಲರೂ ಕೇಳಿ. ಆಟಗಾರರು ಯಾವ ಕೋಲಲ್ಲಿ ಆಡ್ಬೇಕು ಅನ್ನೋದನ್ನ ಆಟಗಾರರನ್ನೇ ಕೇಳ್ಬೇಕು. ನಮ್ಮನ್ನ ಯಾರೂ ಕೇಳಿಲ್ಲ. ಊಟಕ್ಕೆ ಹಾಕಿದ ಸಹಿ ಊಟಕ್ಕೆ ಮಾತ್ರ. ಅದು ಒಪ್ಪಿಗೆ ಅಲ್ಲ!"

ಯಾರೋ ಸಿಳ್ಳೆ ಹೊಡೆದರು. ಡೆಲ್ಫಿನ್ ಚಪ್ಪಾಳೆ ಶುರು ಮಾಡಿದ. ಚಪ್ಪಾಳೆ ಇನ್ನೂ ಏರುತ್ತಿರುವಾಗ ಬಾಗಿಲ ಹತ್ತಿರದಿಂದ ಒಂದು ಮುದಿ ದನಿ ಬಂತು.

"ಇಂದಾಯ್, ನನಗೊಂದ್ ಡೌಟು."

ನಾನಾಯ್ ಪುರಿತಾ, ಊರಿಗೆಲ್ಲ ಅಮ್ಮನಂಥ ಮುದುಕಿ. ಹಬ್ಬದ ದಿನ ಹಾಲ್ ಬಾಗಿಲಲ್ಲಿ ಬಾಳೆಹಣ್ಣಿನ ತುರೋನ್ ಕರಿದು ಮಾರುವವಳು. ಬಾಕಿ ದಿನ ಒಣಮೀನಿನ ವ್ಯಾಪಾರ. ಎರಡು ವರ್ಷದ ಹಿಂದೆ ಅವಳ ಅಂಗಡಿ ಚರ್ಚಿನ ಮುಂದಿನ ರಸ್ತೆಯಲ್ಲಿತ್ತು. ಈಗ ಹಂದಿ ಕಡಿಯುವ ಜಾಗದ ಹಿಂದೆ, ನೊಣಗಳ ನಡುವೆ. ಅವಳ ಜೊತೆ ಇನ್ನೂ ಮೂವತ್ಮೂರು ಜನ.

"ಆವತ್ತು ನಮಗೆ ಗಂಜಿ ಕೊಟ್ಟು ಸಹಿ ಹಾಕಿಸ್ಕೊಂಡಿದ್ಯಲ್ಲ," ಅಂದಳು ಪುರಿತಾ, ಎಣ್ಣೆಯ ಸೌಟು ಕೈಯಲ್ಲೇ ಇತ್ತು. "ಆಮೇಲೆ ನಾವೆಲ್ಲ ಖುಷಿಯಾಗಿ ಅಂಗಡಿ ಎತ್ತೋಕೆ ಒಪ್ಕೊಂಡ್ವಿ ಅಂತ ಓದಿ ಹೇಳ್ದೆ. ನಾನು, ನನಗೇ ಮರೆವು ಇರ್ಬೇಕು, ಯಾವಾಗ್ಲೋ ಒಪ್ಕೊಂಡಿರ್ಬೇಕು ಅಂದ್ಕೊಂಡಿದ್ದೆ. ಎರಡ್ ವರ್ಷದಿಂದ ಹಾಗೇ ಅಂದ್ಕೊಂಡಿದ್ದೀನಿ ಕಣಮ್ಮ. ಅದೂ ಒಪ್ಪಿಗೆ ಅಲ್ವಾ ಹಾಗಾದ್ರೆ?"

ಕಪಿತಾನರು ಫೆಲಿಸಾಳತ್ತ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಗೋಗರೆತವಿತ್ತು: ಬೇಡಮ್ಮ, ಪೆಟ್ಟಿಗೆಯಿಂದ ಇಳಿ, ಇಬ್ಬರೂ ಬದುಕಿಕೊಳ್ಳೋಣ. ಇಳಿದಿದ್ದರೆ ಆಗುತ್ತಿತ್ತು. ಹತ್ತೊಂಬತ್ತು ವರ್ಷದ ಕಡತಗಳು ಬೀರುವಿನಲ್ಲಿ ಹಾಗೇ ತಣ್ಣಗೆ ಮಲಗಿರುತ್ತಿದ್ದವು. ಆದರೆ ಇಲೋಯ್ಲೊ ನಗರಕ್ಕೆ ಬೇರೆ ಯಾರೋ ಹೋಗುತ್ತಿದ್ದರು. ಫೆಲಿಸಾಗೆ ಪುರಿತಾಳ ಮುಖ ನೋಡಲು ನಾಚಿಕೆಯಾಯಿತು, ಕೋಲು ಬಿಡಲು ಹೊಟ್ಟೆ ಉರಿಯಿತು. ಯಾವುದು ಜಾಸ್ತಿ ಅಂತ ನನ್ನನ್ನು ಕೇಳಬೇಡಿ.

"ಅಲ್ಲ, ನಾನಾಯ್," ಅಂದಳು. "ಅದೂ ಒಪ್ಪಿಗೆ ಅಲ್ಲ."

"ಹೌದಾ? ಸರಿ," ಅಂದಳು ಪುರಿತಾ. "ಸೋಮವಾರ ಕಚೇರೀಲಿ ಇರ್ತೀಯಲ್ಲ? ಬರ್ತೀವಿ ಎಲ್ಲರೂ." ಮತ್ತೆ ಬಾಣಲೆಯ ಕಡೆ ತಿರುಗಿದಳು.

ಕಪಿತಾನರಿಗೆ ಬೆವರು ಕಿತ್ತುಕೊಂಡು ಬಂತು. ಈ ಮಾತು ಇನ್ನೊಂದು ಐದು ನಿಮಿಷ ಬೆಳೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಆಯ್ತಪ್ಪಾ, ಆಯ್ತು! ಈಗ್ಲೇ ಕೇಳೋಣ. ಸ್ವಂತ ಕೋಲು ಇರ್ಲಿ ಅನ್ನೋರು ಕೈ ಎತ್ರಿ, ಮುಗೀತು ಕಥೆ."

ಹದಿನಾರು ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕೈದು ಕೈಗಳು ಆಗಲೇ ಭುಜದವರೆಗೆ ಬಂದಿದ್ದವು. ಫೆಲಿಸಾಳ ಎದುರು ನಿಂತು ಅವಳಿಗೆ ಬೇಡ ಅನ್ನುವಷ್ಟು ಗುಂಡಿಗೆ ಆ ಹಾಲ್‌ನಲ್ಲಿ ಯಾರಿಗಿತ್ತು? ಇನ್ನರ್ಧ ನಿಮಿಷದಲ್ಲಿ ಅವಳು ಗೆದ್ದಿರುತ್ತಿದ್ದಳು. ಆದರೆ ನ್ಯಾಯ ತಲೆಗೇರಿದ ಮನುಷ್ಯರ ಪಾಡು ಹೀಗೇ ನೋಡಿ.

"ಕೈ ಎತ್ತೋದ್ ಬೇಡ!" ಅಂತ ಅವಳು ಗುಡುಗಿದಳು. "ಕಪಿತಾನ್ ಎದುರಿಗೆ ನಿಂತಿರ್ವಾಗ ಜನ ಹೇಗ್ ಧೈರ್ಯವಾಗಿ ಕೈ ಎತ್ತಾರೆ? ಹೆದರಿಕೆ ಇರೋ ಕಡೆ ಒಪ್ಪಿಗೆ ಎಲ್ಲಿಂದ ಬರ್ಬೇಕು? ಚೀಟಿ ಬರೀರಿ. ಗುಟ್ಟಾಗಿ. 'ಇರ್ಲಿ' ಇಲ್ಲಾ 'ಬೇಡ', ಒಂದೇ ಪದ. ಹೆಸರು ಬೇಡ."

ಎತ್ತಿದ್ದ ಕೈಗಳು ಕೆಳಗಿಳಿದವು. ಕಪಿತಾನರಿಗೆ ಸೋಲು ಖಾತ್ರಿಯಾಗಿತ್ತು; ಮುಖ ಒರೆಸಿಕೊಂಡು ಒಂದು ಕುರ್ಚಿಯಲ್ಲಿ ಕುಸಿದರು. ಹಳೆಯ ಬಿಸ್ಕತ್ತಿನ ಡಬ್ಬ ಬಂತು. ಒಬ್ಬೊಬ್ಬರೇ ಗೋಡೆಗೆ ಮುಖ ಮಾಡಿ ಬರೆದು, ಮಡಚಿ, ಡಬ್ಬಕ್ಕೆ ಹಾಕಿದರು. ಡೆಲ್ಫಿನ್ ಹಾಕುವಾಗ ಹೆಂಡತಿಯತ್ತ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ.

ಎಣಿಸುವವರು ಯಾರು? ಇಂಥ ಕೆಲಸ ಈ ಊರಲ್ಲಿ ಯಾವತ್ತೂ ಕಾರ್ಯದರ್ಶಿಯದ್ದೇ. ಕಪಿತಾನರೂ ಬೇಡ ಅನ್ನಲಿಲ್ಲ. ಫೆಲಿಸಾ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು: ಹತ್ತು ಖಂಡಿತ, ಹನ್ನೊಂದಾದರೂ ಆಗಬಹುದು. ಮಗನ ಜನನಪತ್ರದ ತಪ್ಪು ತಿದ್ದಿಸಿಕೊಟ್ಟದ್ದು ಒಬ್ಬನಿಗೆ, ನಿವಾಸಪತ್ರ ಒಂದೇ ದಿನದಲ್ಲಿ ಕೊಟ್ಟದ್ದು ಮೂವರಿಗೆ, ಕೋಲು ಹಿಡಿಯಲು ಕಲಿಸಿದ್ದು ಆರು ಜನಕ್ಕೆ. ಜೊತೆಗೆ ಮನೆಯವನೊಬ್ಬ ಇದ್ದೇ ಇದ್ದಾನೆ.

ಮೊದಲ ಚೀಟಿ ಬಿಚ್ಚಿದಾಗಲೇ ಅವಳ ಕೈ ತಡೆಯಿತು. "ಬೇಡ" ಅಂತಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅದನ್ನು ಬರೆದವನು ಯಾರು ಅಂತಲೂ ಅವಳಿಗೆ ಗೊತ್ತಾಗಿಹೋಯಿತು. ಪೆನ್ನು ಒತ್ತಿ ಒತ್ತಿ ಕಾಗದ ಹರಿಯುವ ಹಾಗೆ ಬರೆಯುವವನು ಮಂಜುಗಡ್ಡೆ ಮಾರುವವನು. ಎರಡನೆಯದು ಎಡಕ್ಕೆ ವಾಲಿದ ಅಕ್ಷರ, ಜನನಪತ್ರದವನದ್ದು. ಅದೂ ಬೇಡ. ಹತ್ತೊಂಬತ್ತು ವರ್ಷ ಈ ಊರಿನ ಸಹಿಗಳನ್ನು ಸಾವಿರಗಟ್ಟಲೆ ನೋಡಿದ ಕಣ್ಣು ಅದು. ಗುಟ್ಟಿನ ಮತ ಇಡೀ ಹಾಲ್‌ಗೆ ಗುಟ್ಟಾಗಿತ್ತು. ಅವಳೊಬ್ಬಳಿಗೆ ಹದಿನೈದು ಜನರೂ ಎದುರು ನಿಂತು ಹೇಳಿದ ಹಾಗಿತ್ತು. ಬಿಸ್ಕತ್ತಿನ ಡಬ್ಬ ತರಿಸುವಾಗ ಇದು ಅವಳಿಗೆ ಹೊಳೆದೇ ಇರಲಿಲ್ಲ.

ಎರಡು ಬೇಡ ಆದ ಮೇಲೆ ಒಂದು ಇರ್ಲಿ. ಆ "ಇರ್ಲಿ" ಕಪಿತಾನರ ಅಣ್ಣನ ಮಗ ರಾಮಿಲ್‌ನದು. ಈ ಪಂದ್ಯದಲ್ಲಿ ಅವಳಿಗೆ ನಿಜವಾದ ಎದುರಾಳಿ ಅವನೊಬ್ಬನೇ, ಅವಳು ನಂಬದೇ ಇದ್ದವನೂ ಅವನೊಬ್ಬನೇ. ಅವನಿಗೂ ಸ್ವಂತ ಕೋಲಿತ್ತು. ಮುಂದೆ ಮೂರು ಬೇಡ. ಆಮೇಲೆ ಎರಡು ಇರ್ಲಿ, ಇಬ್ಬರೂ ಕೋಲು ಇರುವವರು. ಆಗ ಅವಳಿಗೆ ಚುರುಕ್ ಅಂತು. ಸ್ವಂತ ಕೋಲು ಇರುವವರು ಐದೇ ಜನ. ಬಾಕಿ ಹನ್ನೊಂದು ಜನ ಇಷ್ಟು ವರ್ಷ ಆಡಿದ್ದು ಗೋಡೆಗೆ ಒರಗಿಸಿದ ಕೋಲುಗಳಲ್ಲಿ, ಒಂದು ಡೊಂಕು, ಒಂದರ ತುದಿ ಚಪ್ಪಟೆ, ಒಂದಕ್ಕೆ ಟೇಪು ಸುತ್ತಿದ್ದು. ಇದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ, ದಿನಾ ಕಣ್ಣಾರೆ ನೋಡುತ್ತಿದ್ದಳು. ಕಪಿತಾನ್ ವೆನಾನ್ಸಿಯೊ ತಮ್ಮ ಮುಖದ ಮೇಲಿನ ಪ್ರೀತಿಯಿಂದ, ತಮಗೇ ಗೊತ್ತಿಲ್ಲದೆ, ಆ ಹನ್ನೊಂದು ಜನರ ಕೈಗೆ ಜನ್ಮದಲ್ಲಿ ಮೊದಲ ಸಲ ನೆಟ್ಟಗಿರುವ ಕೋಲು ಕೊಟ್ಟಿದ್ದರು.

ಇನ್ನೂ ನಾಲ್ಕು ಬೇಡ, ನಾಲ್ಕನೆಯ ಇರ್ಲಿ ಅವಳದ್ದೇ, ಅದರ ಹಿಂದೆ ಇನ್ನೊಂದು ಇರ್ಲಿ ಬಂದು ಕೋಲಿನವರ ಲೆಕ್ಕ ಮುಗಿಯಿತು. ಡಬ್ಬದ ತಳದಲ್ಲಿ ಎರಡು ಚೀಟಿ ಅಂಟಿಕೊಂಡಿದ್ದವು. ಒಂದು ಬೇಡ, ಮುದುಕ ಅಕ್ಕಿ ವ್ಯಾಪಾರಿಯ ನಡುಗುವ ಕೈಬರಹ. ಕೊನೆಯದನ್ನು ಬಿಚ್ಚಿದಳು.

"ಬೇಡ." ಮುಂದೆ ಒಂದು ಚುಕ್ಕೆ, ದಪ್ಪಗೆ, ಒತ್ತಿ ಇಟ್ಟದ್ದು.

ಒಂದೇ ಪದ ಬರೆದರೂ ಮುಂದೆ ಚುಕ್ಕೆ ಇಡುವ ಮನುಷ್ಯ ಕಬುಲಾವಾನ್‌ನಲ್ಲಿ ಒಬ್ಬನೇ. ಮನೆಸಾಮಾನಿನ ಚೀಟಿಯಲ್ಲೂ ಹಾಗೇ ಬರೆಯುತ್ತಾನೆ: ಉಪ್ಪು. ಈರುಳ್ಳಿ. ಸೋಪು.

ಫೆಲಿಸಾ ಆ ಚೀಟಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಬಾಕಿ ಚೀಟಿಗಳ ಜೊತೆ ಸೇರಿಸಿ ಮಡಚಿದಳು. "ಬೇಡ, ಹನ್ನೊಂದು. ಇರ್ಲಿ, ಐದು," ಅಂತ ಓದಿದಳು. ಅವಳ ಏಳಡಿಯ ಗಂಟಲು ಎಲ್ಲಿ ಹೋಗಿತ್ತೋ, ಹಿಂದೆ ನಿಂತವರು "ಏನಂತೆ, ಏನಂತೆ" ಅಂತ ಕೇಳಿದರು.

ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವರು ಕಪಿತಾನರು. ಜನ ತಮ್ಮ ಮಾತನ್ನು ಕೇಳಿಸಿಕೊಂಡು, ಯೋಚನೆ ಮಾಡಿ, ಒಪ್ಪಿದ್ದನ್ನು ಅವರು ಹಿಂದೆಂದೂ ಕಂಡವರಲ್ಲ. "ನಿಜ್ವಾಗ್ಲೂ?" ಅಂದರು. "ಇನ್ನೊಂದ್ ಸಲ ಎಣಿಸ್ತೀಯಾ?"

"ಥೂ! ಯಾರ್ರೀ ಆ ಹನ್ನೊಂದ್ ಜನ?" ಡೆಲ್ಫಿನ್ ಕುರ್ಚಿಯಿಂದ ಹಾರಿ ಎದ್ದಿದ್ದ. "ಮಾನ ಇದ್ರೆ ಮುಖ ತೋರ್ಸಿ! ಮನಾಂಗ್ ಫೆಲಿಸಾ ಕೈಲಿ ಕೆಲ್ಸ ಮಾಡಿಸ್ಕೊಳ್ಳೋಕೆ ಮಾತ್ರ ಬರ್ತೀರಾ?"

ಹತ್ತು ಜನ ತಲೆ ತಗ್ಗಿಸಿದರು. ಫೆಲಿಸಾ ಮೆಲ್ಲಗೆ, "ಕೂತ್ಕೋ ಡೆಲ್ಫಿನ್. ಗುಟ್ಟಿನ ಮತ ಅದು, ಹಾಗೆಲ್ಲ ಕೇಳ್ಬಾರ್ದು," ಅಂದಳು.

ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ತಾನೇ ಕೇಳಿಸಿದ ಮತ, ತಾನೇ ಎಣಿಸಿದ ಮತ. ಈಗ ಮುಖ ಊದಿಸಿಕೊಂಡು ಹೋದರೆ ಊರು ನಗುವುದಿಲ್ಲವೇ? ಕಪಿತಾನರ ನಗುಮುಖದ ಕೋಲೊಂದನ್ನು ಎತ್ತಿಕೊಂಡಳು. ಮೊದಲು ಏಳು ಆಟ ಗೆದ್ದವರಿಗೆ ಸುತ್ತು. ಮೊದಲ ಸುತ್ತು ಹೇಗೋ ದಾಟಿದಳು, ಏಳಕ್ಕೆ ಆರು. ಎರಡನೆಯ ಸುತ್ತಿನಲ್ಲಿ ರಾಮಿಲ್ ಎದುರಾದ. ಅವನೂ ಒಲ್ಲದ ಮನಸ್ಸಿನಿಂದ ಚಿಕ್ಕಪ್ಪನ ಮುಖ ಹಿಡಿದುಕೊಂಡೇ ಆಡಿದ, ಆದರೆ ಅವನಿಗೆ ಆ ಉದ್ದ ಸರಿಯಾಗಿತ್ತು. ಐದೈದು ಸಮ ಆಗಿದ್ದಾಗ ಕಂಬದ ಕಡೆಯಿಂದ ಹೊಡೆಯುವ ಸುಲಭದ ಚೆಂಡೊಂದು ಅವಳಿಗೆ ಸಿಕ್ಕಿತು. ಕೋಲನ್ನು ಹಿಂದಕ್ಕೆಳೆದಳು, ಹಿಡಿ ಠಪ್ ಅಂತ ಕಂಬಕ್ಕೆ ಬಡಿಯಿತು, ಬಿಳಿ ಚೆಂಡು ಎಲ್ಲೋ ಹೋಗಿ ನಿಂತಿತು. ರಾಮಿಲ್ ಅವಳ ಮುಖ ನೋಡದೆ ಬಾಕಿ ಚೆಂಡುಗಳನ್ನು ಪಾಕೆಟ್ಟಿಗೆ ಸೇರಿಸಿದ, ಮುಂದಿನ ಆಟವನ್ನೂ ತೆಗೆದುಕೊಂಡ. ಏಳಕ್ಕೆ ಐದು. "ಇದು ಲೆಕ್ಕಕ್ಕಿಲ್ಲ ಮನಾಂಗ್," ಅಂದ ಕೈ ಕುಲುಕುವಾಗ. ಲೆಕ್ಕಕ್ಕೆ ಇತ್ತು, ಇಬ್ಬರಿಗೂ ಗೊತ್ತಿತ್ತು. ಇಲೋಯ್ಲೊ ನಗರ ಅಲ್ಲಿಗೆ ಮುಗಿಯಿತು.

ಡೆಲ್ಫಿನ್ ಆವತ್ತು ಮೊದಲ ಸುತ್ತು ಗೆದ್ದ. ಹತ್ತೊಂಬತ್ತು ಹಬ್ಬಗಳಲ್ಲಿ ಮೊದಲ ಸಲ. ಎರಡನೆಯ ಸುತ್ತಿನಲ್ಲಿ ಸೋತನೆನ್ನಿ, ಆದರೆ ಗೆದ್ದ ಆಟದ ಕೊನೆಯ ಚೆಂಡು ಬಿದ್ದಾಗ ಅವನ ಮುಖ ನೋಡಬೇಕಿತ್ತು. ಫೆಲಿಸಾ ನೋಡಿದಳು. ಅಂಥ ಮುಖವನ್ನು ಮದುವೆಯ ದಿನವೂ ಅವನಲ್ಲಿ ಕಂಡ ನೆನಪಿರಲಿಲ್ಲ ಅವಳಿಗೆ.

ಸಂಜೆಯ ಬಿಸಿಲಲ್ಲಿ ಟ್ರೈಸಿಕಲ್ ಮನೆಯ ಕಡೆ ಹೊರಟಿತು. ಅವನು ಮುಂದೆ, ಅವಳು ಪಕ್ಕದ ತೊಟ್ಟಿಲಿನಂಥ ಸೀಟಿನಲ್ಲಿ, ಮಡಿಲಲ್ಲಿ ಬಿಚ್ಚದೇ ಇದ್ದ ಕೋಲಿನ ಚೀಲ. ಭತ್ತದ ಗದ್ದೆಯ ದಾರಿಗೆ ಬಂದ ಮೇಲೆ ಡೆಲ್ಫಿನ್ ಗಂಟಲು ಸರಿಮಾಡಿಕೊಂಡ.

"ಬೇಜಾರ್ ಮಾಡ್ಕೋಬೇಡ. ಹನ್ನೊಂದ್ ಜನ ನಾಚಿಕೆಗೆಟ್ಟವರು."

"ಹತ್ತು," ಅಂದಳು ಫೆಲಿಸಾ. "ಹತ್ತು ಜನ, ಮತ್ತೆ ನೀನು."

ಗಾಡಿ ಒಂದು ಗುಂಡಿಗಿಳಿದು ಹತ್ತಿತು.

"ಚುಕ್ಕೆ ಇಟ್ಟಿದ್ದೀಯಲ್ಲ," ಅಂದಳು.

ಚರ್ಚು ಹೋಯಿತು, ಸೇತುವೆ ಹೋಯಿತು.

"ಯಾಕೋ?" ಅಂತ ಕೇಳಿದಳು. ಸಿಟ್ಟಿನಿಂದಲ್ಲ. ತಿಳಿಯಬೇಕಿತ್ತು, ಅದಕ್ಕೇ ಕೇಳಿದಳು.

"ನಾನೂ ಆಡ್ತೀನಿ ಫೆಲಿಸ್," ಅಂದ ಡೆಲ್ಫಿನ್, ರಸ್ತೆಯಿಂದ ಕಣ್ಣು ತೆಗೆಯದೆ. "ಹತ್ತೊಂಬತ್ತ್ ವರ್ಷದಿಂದ ಆ ಟೇಪ್ ಸುತ್ತಿರೋ ಕೋಲಲ್ಲಿ. ಒಂದೇ ಒಂದ್ ಸಲ ನೆಟ್ಟಗಿರೋದ್ರಲ್ಲಿ ಆಡಿ ನೋಡ್ಬೇಕು ಅನ್ನಿಸ್ತು."

"ನನ್ ಹತ್ರ ಹೇಳ್ಬೋದಿತ್ತಲ್ಲ."

"ಹೇಳ್ತಿರ್ಲಿಲ್ಲ. ನಿನ್ ಎದುರಿಗೆ ನನ್ ಕೈಲಿ ಆಗ್ತಿರ್ಲಿಲ್ಲ." ಅವನು ಬ್ರೇಕು ಒತ್ತಿ, ಅಡ್ಡ ಬಂದ ಬಾತುಕೋಳಿಗಳನ್ನು ಹೋಗಲು ಬಿಟ್ಟ. "ಕಪಿತಾನ್ ಕೈ ಎತ್ರಿ ಅಂದಾಗ ನಾನ್ ನಿನ್ ಪರವಾಗಿ ಎತ್ತಿದ್ದೆ, ನೋಡ್ಲಿಲ್ವಾ? ಎರಡೂ ಕೈ ಎತ್ತೋನಿದ್ದೆ. ಚೀಟಿ ಬೇಕು ಅಂತ ಕೂಗಿದ್ದು ನೀನೇ ಅಲ್ವೇನೇ."

ಫೆಲಿಸಾಗೆ ಅಳು ಬರಬೇಕಿತ್ತು, ಬಂದದ್ದು ನಗು. ಚೀಲ ತಬ್ಬಿಕೊಂಡು, ಸೆಟೆದ ಭುಜ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಾತುಕೋಳಿಗಳು ದಾಟಿ ಹೋದವು. ನಗು ನಿಂತ ಮೇಲೂ ಕಣ್ಣೀರು ನಿಲ್ಲಲಿಲ್ಲ, ಡೆಲ್ಫಿನ್ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡು ಅವಳು ಮುಗಿಸುವವರೆಗೂ ಕಾದ.